ಆಸ್ಪತ್ರೆ ನಡೆಸುವವರನ್ನು ಬೆಳೆಸುವವರು ಯಾರು?

ಕೇರಳದ ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2025ರ ಸೆಪ್ಟೆಂಬರಿನಲ್ಲಿ 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಸಿಕ್ಕಿದಾಗ ಬದಿಯಡ್ಕದಿಂದ ಪೆರ್ಲದವರೆಗೆ ಎಲ್ಲರಿಗೂ ಸಂತೋಷವಾಯಿತು. ನನಗೂ ಆಯಿತು. 2013ರ ನವೆಂಬರಿನಲ್ಲಿ ಶಿಲಾನ್ಯಾಸವಾದ ಕಾಲೇಜು ಅದು. ಕಲ್ಲು ಹಾಕಿದ ದಿನ ಹುಟ್ಟಿದ ಮಗು ಏಳನೆಯ ತರಗತಿಗೆ ಬರುವಷ್ಟು ಕಾಲ ಕಾದಿದ್ದೇವೆ. ಆದರೆ ಆ ಸಂತೋಷದ ನಡುವೆ ಯಾರೂ ಕೇಳದೆ ಬಿಟ್ಟ ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ಈ ಜಿಲ್ಲೆಯ ಸರಕಾರಿ ಆಸ್ಪತ್ರೆಗಳನ್ನು ನಡೆಸುವವರು ಯಾರು, ಅವರನ್ನು ತಯಾರು ಮಾಡುವವರು ಯಾರು?

ಆರೋಗ್ಯ ಇಲಾಖೆಯ ಫೀಲ್ಡ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಜೂನಿಯರ್ ಹೆಲ್ತ್ ಇನ್‌ಸ್ಪೆಕ್ಟರ್ ಆಗಿ ಸೇರಿ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಗುಡ್ಡ ಬೈಲುಗಳಲ್ಲಿ ಬಾವಿಗಳಿಗೆ ಕ್ಲೋರಿನ್ ಹಾಕುತ್ತ, ಮಲೇರಿಯಾ ಪರೀಕ್ಷೆಗೆ ರಕ್ತದ ಸ್ಲೈಡ್ ತೆಗೆಯುತ್ತ ಓಡಾಡಿದವನು. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಹೊರಗಿನವನ ದೂರಲ್ಲ. ಮನೆಯೊಳಗೆ ಇದ್ದವನಿಗೆ ಕಂಡದ್ದು.

ಕೇರಳದ ಸರಕಾರಿ ನೌಕರರ ನಡುವೆ ಒಂದು ಬೆದರಿಕೆ ಬಹಳ ಹಳೆಯದು: "ಕಾಸರಗೋಡಿಗೆ ಎತ್ತಿ ಹಾಕಿಸುತ್ತೇನೆ." ತಿರುವನಂತಪುರದಿಂದ ನೋಡಿದರೆ ನಮ್ಮ ಜಿಲ್ಲೆ ನಕ್ಷೆಯ ತುದಿ. ರಾತ್ರಿಯಿಡೀ ರೈಲಿನಲ್ಲಿ ಕೂತು ಬರಬೇಕು. ಶಿಕ್ಷೆಯಾಗಿ ಬಂದವರು ಎಂಥ ಮನಸ್ಸಿನಿಂದ ಕೆಲಸ ಮಾಡುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಂದ ವಾರದಲ್ಲೇ ವಾಪಸಾತಿಯ ಅರ್ಜಿ ಸಿದ್ಧವಾಗಿರುತ್ತದೆ. ಇದಕ್ಕಿಂತ ಕೆಟ್ಟದ್ದು ವರ್ಕಿಂಗ್ ಅರೇಂಜ್‌ಮೆಂಟ್ ಎಂಬ ವ್ಯವಸ್ಥೆ. ಹುದ್ದೆ ಇಲ್ಲಿಯದು, ಕೆಲಸ ಮಾತ್ರ ಬೇರೆ ಜಿಲ್ಲೆಯಲ್ಲಿ. ಕಡತದಲ್ಲಿ ಆ ಹುದ್ದೆ ಭರ್ತಿಯಾಗಿರುವುದರಿಂದ ತೆರವು ಎಂದು ವರದಿ ಮಾಡುವಂತಿಲ್ಲ, ಬದಲಿ ಜನ ಕೇಳುವಂತೆಯೂ ಇಲ್ಲ. ರೋಗಿಗಳನ್ನು ಪರೀಕ್ಷಿಸುವ ಕೋಣೆಯಲ್ಲಿ ಕುರ್ಚಿ ಮಾತ್ರ ಖಾಲಿ. ತೆರವಾದ ಹುದ್ದೆಗಾದರೂ ಹೋರಾಡಬಹುದು. ಹೀಗೆ ಭರ್ತಿಯಾದ ಹುದ್ದೆಗೆ ಏನು ಮಾಡುವುದು?

ನರ್ಸ್, ಜೆಪಿಎಚ್‌ಎನ್ (ಮನೆಮನೆಗೆ ಹೋಗುವ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್) ಮುಂತಾದ ಹುದ್ದೆಗಳಿಗೆ ಕೇರಳ ಲೋಕಸೇವಾ ಆಯೋಗ, ಅಂದರೆ ಪಿಎಸ್‌ಸಿ ಜಿಲ್ಲಾವಾರು ರ್‍ಯಾಂಕ್ ಪಟ್ಟಿ ಮಾಡುತ್ತದೆ. ದಕ್ಷಿಣದ ಜಿಲ್ಲೆಗಳಲ್ಲಿ ಪೈಪೋಟಿ ಜಾಸ್ತಿ. ಹಾಗಾಗಿ ಅಲ್ಲಿನ ಹಲವರು ಕಾಸರಗೋಡಿನ ಪಟ್ಟಿಗೆ ಅರ್ಜಿ ಹಾಕುತ್ತಾರೆ, ಇಲ್ಲಿ ಕೆಲಸಕ್ಕೆ ಸೇರುತ್ತಾರೆ, ನಿಯಮದ ಅವಧಿ ಮುಗಿಯುವುದನ್ನೇ ಕಾದು ಅಂತರ್‌ಜಿಲ್ಲಾ ವರ್ಗಾವಣೆ ಪಡೆದು ಊರಿಗೆ ಹೋಗುತ್ತಾರೆ. ಅವರನ್ನು ನಾನು ದೂಷಿಸುವುದಿಲ್ಲ. ಮನೆಯಲ್ಲಿ ವಯಸ್ಸಾದ ತಂದೆತಾಯಿ, ಶಾಲೆಗೆ ಹೋಗುವ ಮಕ್ಕಳು ಇರುವವರು ಮತ್ತೇನು ಮಾಡುತ್ತಾರೆ? ಇತ್ತ ನಮ್ಮ ಮಕ್ಕಳು ಮಂಗಳೂರಿನಲ್ಲಿ ನರ್ಸಿಂಗ್ ಕಲಿತು ಅಲ್ಲಿಂದಲೇ ಗಲ್ಫಿಗೋ ಇಂಗ್ಲೆಂಡಿಗೋ ಹೊರಡುತ್ತಾರೆ. ಪಿಎಸ್‌ಸಿ ಅಧಿಸೂಚನೆ ಬಂದದ್ದೂ ಅವರಿಗೆ ಗೊತ್ತಾಗುವುದಿಲ್ಲ. ಊರಿನ ಆಸ್ಪತ್ರೆಗೆ ಊರಿನ ನರ್ಸ್ ಸಿಗದಿರಲು ಅರ್ಧ ಕಾರಣ ಇಲಾಖೆಯಾದರೆ, ಇನ್ನರ್ಧ ನಮ್ಮ ಮನೆಗಳಲ್ಲೇ ಇದೆ.

ಇನ್ನು ನಾಯಕತ್ವದ ಮಾತು. ಎಂಬಿಬಿಎಸ್ ಮುಗಿಸಿ ಪಿಎಸ್‌ಸಿ ಮೂಲಕ ಬಂದ ಇಪ್ಪತ್ತಾರು ಇಪ್ಪತ್ತೇಳು ವರ್ಷದ ಹುಡುಗಿಯನ್ನು ಗುಡ್ಡದ ಮೇಲಿನ ಒಂದು ಆರೋಗ್ಯ ಕೇಂದ್ರಕ್ಕೆ ನೇಮಿಸುತ್ತಾರೆ. ಹಳೆಯ ವೈದ್ಯರು ವರ್ಗವಾಗಿ ಹೋದರೆ ಮರುದಿನದಿಂದ ಅವಳೇ ಮೆಡಿಕಲ್ ಆಫೀಸರ್ ಇನ್ ಚಾರ್ಜ್. ಆ ಕ್ಷಣದಿಂದ ಅವಳ ತಲೆಗೆ ಏನೇನು ಬೀಳುತ್ತದೆ ಎಂದು ಯೋಚಿಸಿದ್ದೀರಾ? ಸಿಬ್ಬಂದಿಯ ಸಂಬಳದ ಬಿಲ್ಲಿಗೆ ಸಹಿ ಹಾಕಿ ಟ್ರೆಜರಿಗೆ ಕಳುಹಿಸಬೇಕು. ಮುಂದಿನ ವರ್ಷಕ್ಕೆ ಎಷ್ಟು ಔಷಧ ಬೇಕೆಂದು ಅಂದಾಜಿಸಿ ಮೆಡಿಕಲ್ ಸರ್ವೀಸಸ್ ಕಾರ್ಪೊರೇಶನ್‌ಗೆ ಬೇಡಿಕೆ ಸಲ್ಲಿಸಬೇಕು. ಅಂದಾಜು ತಪ್ಪಿದರೆ ಜನವರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದು ರೋಗಿಗಳು ಅಂಗಡಿಗೆ ಓಡಬೇಕು. ಪಂಚಾಯತ್‌ನ ಆರೋಗ್ಯ ಯೋಜನೆಗಳಿಗೆ ಇಂಪ್ಲಿಮೆಂಟಿಂಗ್ ಆಫೀಸರ್ ಅವಳೇ, ಮಾರ್ಚ್ 31ರೊಳಗೆ ಹಣ ಖರ್ಚಾಗದಿದ್ದರೆ ಉತ್ತರ ಹೇಳಬೇಕಾದವಳೂ ಅವಳೇ. ಆಡಿಟ್ ಆಕ್ಷೇಪ, ಡೆಂಗಿ ವರದಿ, ಸೋರುವ ಛಾವಣಿ, ಇಬ್ಬರು ಸಿಬ್ಬಂದಿಯ ನಡುವಿನ ಜಗಳ, ವಾರ್ಡ್ ಸದಸ್ಯರ ಫೋನು. ಇಷ್ಟರ ನಡುವೆ ಹೊರಗೆ ನೂರಾರು ಜನ ಒಪಿ ಚೀಟಿ ಹಿಡಿದು ಕೂತಿರುತ್ತಾರೆ.

ಇದರಲ್ಲಿ ಯಾವುದನ್ನೂ ಮೆಡಿಕಲ್ ಕಾಲೇಜಿನಲ್ಲಿ ಕಲಿಸುವುದಿಲ್ಲ. ಹುದ್ದೆಗೆ ಸೇರಿದ ಮೇಲೆ ಸಿಗುವ ತರಬೇತಿ ಕೆಲವು ದಿನಗಳ ತರಗತಿ. ಅದೂ ಎಷ್ಟೋ ಸಲ ಅಧಿಕಾರ ವಹಿಸಿಕೊಂಡು ತಿಂಗಳುಗಳಾದ ಮೇಲೆ. ನಾನು ಕೆಲಸ ಮಾಡಿದ ಒಂದು ಕೇಂದ್ರದಲ್ಲಿ ಅಂಥ ಒಬ್ಬ ಯುವ ವೈದ್ಯೆ ಸಂಜೆ ಎಲ್ಲರೂ ಹೋದ ಮೇಲೆ ಬಿಲ್ಲುಗಳ ರಾಶಿಯ ಮುಂದೆ ಕೂತು ಕಣ್ಣೊರೆಸಿಕೊಳ್ಳುವುದನ್ನು ನೋಡಿದ್ದೇನೆ. "ಸಾರ್, ನಾನು ಡಾಕ್ಟರ್ ಆಗಿ ಬಂದದ್ದು, ಇಲ್ಲಿ ಗುಮಾಸ್ತೆಯಾಗಿದ್ದೇನೆ. ಅದನ್ನಾದರೂ ಸರಿಯಾಗಿ ಮಾಡುತ್ತಿದ್ದೇನೆಯೇ ಎಂದು ಗೊತ್ತಿಲ್ಲ" ಎಂದಿದ್ದರು. ಒಳ್ಳೆಯ ವೈದ್ಯೆ. ರೋಗಿಯ ಮೈಮುಟ್ಟಿ ನೋಡುವ, ಮಾತು ಕೇಳಿಸಿಕೊಳ್ಳುವ ಗುಣ ಇತ್ತು. ಪಿಜಿ ಸೀಟು ಸಿಕ್ಕಿದೊಡನೆ ಹೊರಟುಹೋದರು, ಹಿಂದೆ ತಿರುಗಿ ನೋಡಲಿಲ್ಲ. ಅವರನ್ನು ಕಳೆದುಕೊಂಡದ್ದಕ್ಕೆ ಇಲಾಖೆಯಲ್ಲಿ ಯಾವ ಲೆಕ್ಕವೂ ಇಲ್ಲ.

ಅದೇ ಕೇಂದ್ರ ಆ ದಿನಗಳಲ್ಲಿ ನಿಂತುಹೋಗದೆ ನಡೆಯಿತಾದರೆ ಅದಕ್ಕೆ ಕಾರಣ ಒಬ್ಬ ಹಿರಿಯ ನರ್ಸ್ ಮತ್ತು ಒಬ್ಬ ಜೆಪಿಎಚ್‌ಎನ್. ಯಾವ ಮನೆಯಲ್ಲಿ ಗರ್ಭಿಣಿ ಇದ್ದಾಳೆ, ಯಾವ ಮಗುವಿಗೆ ಚುಚ್ಚುಮದ್ದು ತಪ್ಪಿದೆ, ಯಾವ ಅಜ್ಜ ಟಿಬಿ ಮಾತ್ರೆ ಅರ್ಧಕ್ಕೆ ಬಿಟ್ಟಿದ್ದಾನೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ನಿಜವಾದ ಅರ್ಥದಲ್ಲಿ ಆಸ್ಪತ್ರೆಯನ್ನು ನಡೆಸಿದವರು ಅವರು. ಆದರೆ ಅವರ ಮಾತಿಗೆ ಕಾಗದದಲ್ಲಿ ಬೆಲೆಯಿಲ್ಲ. ಉಪಕೇಂದ್ರದ ಜೆಪಿಎಚ್‌ಎನ್‌ಗೆ ಮೇಲ್ವಿಚಾರಕಿಯ ಬಡ್ತಿ ಬರುವ ಹೊತ್ತಿಗೆ ನಿವೃತ್ತಿ ಹತ್ತಿರ ಬಂದಿರುತ್ತದೆ. ಹೊಸದನ್ನು ಕಲಿಯಬೇಕೆಂದರೆ ರಜೆ ಹಾಕಿ, ಕೈಯಿಂದ ಹಣ ಹಾಕಿ ಕಲಿಯಬೇಕು. ಆಶಾ ಕಾರ್ಯಕರ್ತೆಯರ ಪಾಡಂತೂ ಎಲ್ಲರಿಗೂ ಗೊತ್ತು. 2025ರ ಫೆಬ್ರವರಿಯಿಂದ ತಿರುವನಂತಪುರದ ಸೆಕ್ರೆಟೇರಿಯೆಟ್ ಮುಂದೆ ತಿಂಗಳುಗಟ್ಟಲೆ ಮಳೆ ಬಿಸಿಲಿನಲ್ಲಿ ಕೂತದ್ದಕ್ಕೆ 7,000 ರೂಪಾಯಿಯ ಗೌರವಧನ 8,000 ಆಯಿತು. ಇಡೀ ವ್ಯವಸ್ಥೆಯ ಭಾರ ಹೊತ್ತವರಿಗೆ ತಿಂಗಳಿಗೆ ಒಂದು ಸಾವಿರ ಹೆಚ್ಚಿಸಲು ಅಷ್ಟು ಹೋರಾಟ ಬೇಕಾಯಿತು ಎನ್ನುವುದು ನನಗೆ ಇಂದಿಗೂ ನೋವಿನ ವಿಷಯ.

ಈ ಜಿಲ್ಲೆಯಲ್ಲಿ ಭಾಷೆಯೂ ಚಿಕಿತ್ಸೆಯ ಭಾಗ. ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ, ಬೆಳ್ಳೂರು ಕಡೆಯ ವಯಸ್ಸಾದ ಹೆಂಗಸರಲ್ಲಿ ಎಷ್ಟೋ ಜನರಿಗೆ ತುಳು ಬಿಟ್ಟರೆ ಕನ್ನಡ. ಮಲಯಾಳದಲ್ಲಿ ಹೊಟ್ಟೆನೋವನ್ನು ವಿವರಿಸುವುದು ಅವರಿಂದ ಆಗದು. ಕೊರಗ ಕಾಲನಿಯ ತಾಯಿ ಹೊಸ ನರ್ಸ್ ಕೇಳಿದ ಪ್ರಶ್ನೆಗಳಿಗೆಲ್ಲ ತಲೆಯಾಡಿಸಿ ಹೊರಗೆ ಬರುತ್ತಾಳೆ. ಮಾತ್ರೆ ಊಟದ ಮೊದಲೋ ಆಮೇಲೋ ಎನ್ನುವುದೂ ಅವಳಿಗೆ ತಿಳಿದಿರುವುದಿಲ್ಲ. ಭಾಷಾ ಅಲ್ಪಸಂಖ್ಯಾತರಾದ ನಾವು ಸರಕಾರದೊಂದಿಗೆ ನಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಅರ್ಜಿ ಬರೆಯಲು ಇರುವ ಹಕ್ಕು ಎದೆನೋವು ಹೇಳಿಕೊಳ್ಳಲು ಬೇಡವೇ? ಇದನ್ನು ಯಾರೂ ಮಲಯಾಳದ ವಿರೋಧ ಎಂದು ಓದಬಾರದು. ನನ್ನ ಜೊತೆ ಕೆಲಸ ಮಾಡಿದ ಅತ್ಯುತ್ತಮ ಹೆಲ್ತ್ ಇನ್‌ಸ್ಪೆಕ್ಟರ್ ಕೊಲ್ಲಂ ಕಡೆಯವರು. ಬಂದ ವರ್ಷದಲ್ಲೇ ತುಳು ಕಲಿತರು, ಇಲ್ಲೇ ಮನೆ ಮಾಡಿದರು, ಭೂತಕೋಲದ ರಾತ್ರಿ ಜನರ ನಡುವೆ ಕೂತು ಇಲಿಜ್ವರದ ಬಗ್ಗೆ ಮಾತಾಡುತ್ತಿದ್ದರು. ಹೊರಗಿನಿಂದ ಬಂದವರು ಬೇಡ ಎಂದು ನಾನು ಹೇಳುತ್ತಿಲ್ಲ. ಬಂದವರಿಗೆ ಮೊದಲ ತಿಂಗಳಲ್ಲಿ ಕನ್ನಡ, ತುಳು ಕಲಿಸುವ ಏರ್ಪಾಡು ಮಾಡಿ, ಅದನ್ನು ಕೆಲಸದ ಸಮಯವೆಂದೇ ಪರಿಗಣಿಸಿ ಎನ್ನುತ್ತಿದ್ದೇನೆ.

ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಮನೆಗಳಿಗೆ ಹೋದವರಿಗೆ ಊರಿನ ಸಿಬ್ಬಂದಿಯ ಬೆಲೆ ಏನೆಂದು ತಿಳಿಯುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷ ಪಡ್ರೆಯ ಮಕ್ಕಳಿಗೆ ಏನು ಮಾಡಿತೆಂದು ಲೋಕಕ್ಕೆ ಗೊತ್ತಿದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದದ್ದರ ಜೊತೆಗೇ ಜೀವಮಾನದ ಚಿಕಿತ್ಸೆಯ ಬಗ್ಗೆಯೂ ಹೇಳಿತ್ತು. ಹಣ ತಡವಾಗಿಯಾದರೂ ಬಂತು. ಚಿಕಿತ್ಸೆಗೆ ಬೇಕಾದ ತಜ್ಞರಿಗಾಗಿ ಸಾಮಾಜಿಕ ಕಾರ್ಯಕರ್ತೆ ದಯಾಬಾಯಿಯಂಥ ಹಿರಿಯರು 2022ರಲ್ಲಿ ತಿರುವನಂತಪುರದಲ್ಲಿ ಉಪವಾಸ ಕೂರಬೇಕಾಯಿತು. ಈ ಮನೆಗಳಿಗೆ ತಪ್ಪದೆ ಹೋಗುವವರು ಪಂಚಾಯತ್‌ನ ಪಾಲಿಯೇಟಿವ್ ನರ್ಸ್‌ಗಳು. ಹಾಸಿಗೆ ಹಿಡಿದ ಮಗನನ್ನು ಮಗ್ಗುಲು ಬದಲಿಸುವುದು ಹೇಗೆಂದು ತಾಯಿಗೆ ತೋರಿಸಿಕೊಡುವವರು, ಬೆನ್ನಿನ ಹುಣ್ಣು ತೊಳೆಯುವವರು, ಅವಳ ಅಳುವನ್ನು ಕೇಳಿಸಿಕೊಳ್ಳುವವರು. ಹೆಚ್ಚಿನವರು ಅದೇ ಊರಿನ ಹೆಣ್ಣುಮಕ್ಕಳು, ಗುತ್ತಿಗೆಯ ಮೇಲಿದ್ದವರು. ಇಂಥ ಅನುಭವವನ್ನು ಮೆಟ್ಟಿಲಾಗಿಸಿಕೊಂಡು ಅವರು ಮುಂದಿನ ಕೋರ್ಸಿಗೆ, ಖಾಯಂ ಹುದ್ದೆಗೆ ಏರುವ ದಾರಿಯನ್ನು ಇಷ್ಟು ವರ್ಷಗಳಲ್ಲಿ ಯಾರೂ ಮಾಡಿಕೊಡಲಿಲ್ಲ.

ಆಗುವುದೇ ಇಲ್ಲ ಎನ್ನುವವರಿಗೆ ನಮ್ಮದೇ ಜಿಲ್ಲೆಯ ಕಯ್ಯೂರನ್ನು ತೋರಿಸುತ್ತೇನೆ. ಕೇರಳ ಸರಕಾರದ ಆರ್ದ್ರಂ ಆರೋಗ್ಯ ಯೋಜನೆಯಲ್ಲಿ ಕುಟುಂಬ ಆರೋಗ್ಯ ಕೇಂದ್ರವಾದ ಅಲ್ಲಿನ ಪುಟ್ಟ ಆಸ್ಪತ್ರೆ ರಾಷ್ಟ್ರೀಯ ಗುಣಮಟ್ಟದ ಮೌಲ್ಯಮಾಪನದಲ್ಲಿ ನೂರಕ್ಕೆ 99 ಅಂಕ ಪಡೆಯಿತು. ಅದೇ ಇಲಾಖೆ, ಅದೇ ಸಂಬಳ, ಅದೇ ಜಿಲ್ಲೆ. ಒಂದು ಊರಿನ ಪಂಚಾಯತ್, ವೈದ್ಯರು, ನರ್ಸ್‌ಗಳು, ಫೀಲ್ಡ್ ಸಿಬ್ಬಂದಿ ಒಂದೇ ಮೇಜಿನ ಸುತ್ತ ಕೂತರೆ ಏನಾಗುತ್ತದೆ ಎಂಬುದಕ್ಕೆ ಬೇರೆ ರಾಜ್ಯಕ್ಕೆ ಹೋಗಬೇಕಾಗಿಲ್ಲ. ಆದರೆ ಆ ಅನುಭವ ಚಂದ್ರಗಿರಿ ಹೊಳೆ ದಾಟಿ ಉತ್ತರಕ್ಕೆ ಬರಲಿಲ್ಲ. ಅಲ್ಲಿ ಕಲಿತವರನ್ನು ಇಲ್ಲಿಗೆ ಕರೆಸಿ, ಇಲ್ಲಿಯವರನ್ನು ಅಲ್ಲಿ ಕೆಲವು ತಿಂಗಳು ಕೆಲಸಕ್ಕೆ ಹಾಕಿದ್ದರೆ ಸಾಕಿತ್ತು.

ಇನ್ನೊಂದು ವಿಷಯ ಹಳಬರಿಗೆ ನೆನಪಿರಬಹುದು. 1956ರ ತನಕ ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು. ಕೇರಳ ತನ್ನದೇ ಏಕೀಕೃತ ಕಾಯ್ದೆಯನ್ನು 2023ರಲ್ಲಿ ಮಾಡುವವರೆಗೂ ಇಲ್ಲಿ ನಡೆಯುತ್ತಿದ್ದುದು 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ. ನಾನು ನೋಟಿಸು ಬರೆದದ್ದೆಲ್ಲ ಅದರ ಅಡಿಯಲ್ಲೇ. ಅದೇ ಮದ್ರಾಸಿನ ಪರಂಪರೆಯಲ್ಲಿ ತಮಿಳುನಾಡು ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯವನ್ನೂ ಪ್ರತ್ಯೇಕ ಸೇವಾಶ್ರೇಣಿಯನ್ನೂ ಉಳಿಸಿಕೊಂಡಿತು. ಅಲ್ಲಿ ಜಿಲ್ಲೆಯ ಆರೋಗ್ಯವನ್ನು ನೋಡಿಕೊಳ್ಳುವ ಅಧಿಕಾರಿ ಸಾರ್ವಜನಿಕ ಆರೋಗ್ಯವನ್ನೇ ಓದಿ, ಅದರಲ್ಲೇ ಅನುಭವ ಪಡೆದು ಮೇಲೇರಿದವರು. ನಾಯಕತ್ವ ಎಂದರೆ ಸೀನಿಯಾರಿಟಿ ಪಟ್ಟಿಯಲ್ಲಿ ಹೆಸರು ಮೇಲಕ್ಕೆ ಬರುವುದು ಎಂದು ನಾವು ತಿಳಿದಿದ್ದೇವೆ. ಅದೊಂದು ವೃತ್ತಿವಿದ್ಯೆ, ಕಲಿಸಿದರೆ ಮಾತ್ರ ಬರುತ್ತದೆ ಎಂದು ಅವರು ಎಷ್ಟೋ ಮೊದಲೇ ಒಪ್ಪಿಕೊಂಡರು.

ಹಾಗಾದರೆ ನಾನು ಕೇಳುವುದೇನು? ಉಕ್ಕಿನಡ್ಕದ ಮೊದಲ ತಂಡ ಹೌಸ್ ಸರ್ಜನ್ಸಿ ಮುಗಿಸಿ ಹೊರಬರುವ ಹೊತ್ತಿಗೆ 2031 ಆಗುತ್ತದೆ. ಅಷ್ಟರೊಳಗೆ ಈ ಮಕ್ಕಳನ್ನು ಪೆರ್ಲ, ಬೆಳ್ಳೂರು, ಮಂಗಲ್ಪಾಡಿಯ ಆಸ್ಪತ್ರೆಗಳಿಗೆ ಕಳುಹಿಸಿ, ಅಲ್ಲಿನ ಜೆಪಿಎಚ್‌ಎನ್ ಹಿಂದೆ ಮನೆಮನೆ ನಡೆಸಬೇಕು. ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳು ಗ್ರಾಮೀಣ ಸೇವೆಯಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲೇ ಇದೆ. ಹಾಗಿರುವಾಗ ಜಿಲ್ಲೆಯ ಮಕ್ಕಳಿಗೆ ನರ್ಸಿಂಗ್, ಲ್ಯಾಬ್, ಫಾರ್ಮಸಿ ಕೋರ್ಸುಗಳಲ್ಲಿ ಸೀಟು ಮೀಸಲಿಟ್ಟು, ಪ್ರತಿಯಾಗಿ ಕೆಲವು ವರ್ಷದ ಸೇವೆಯ ಒಪ್ಪಂದ ಪಡೆಯಬೇಕು. ಅಧಿಕಾರ ವಹಿಸುವ ಮೊದಲು ಯುವ ವೈದ್ಯರನ್ನು ಅನುಭವಿಯೊಬ್ಬರ ಜೊತೆ ಮೂರು ತಿಂಗಳು ಇರಿಸಬೇಕು. ಬಿಲ್ಲು, ಟ್ರೆಜರಿ ಕೆಲಸಕ್ಕೆ ಎರಡು ಮೂರು ಕೇಂದ್ರಗಳಿಗೆ ಸೇರಿ ಒಬ್ಬ ಆಡಳಿತಾಧಿಕಾರಿಯನ್ನು ಕೊಟ್ಟರೆ ವೈದ್ಯರು ರೋಗಿಗಳ ಬಳಿಗೆ ಮರಳುತ್ತಾರೆ. ಹಿರಿಯ ನರ್ಸ್‌ಗೆ ಕೇಂದ್ರದ ಆಡಳಿತದಲ್ಲಿ ಸಹಿಯ ಅಧಿಕಾರ ಇರಲಿ.

ನಮ್ಮಲ್ಲಿ ಹಲವರು "ಮಂಗಳೂರು ಇದೆಯಲ್ಲ" ಎಂದು ಸುಮ್ಮನಾಗುತ್ತಾರೆ. 2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನ್ ಹೊತ್ತಿಗೆ ಕರ್ನಾಟಕ ಗಡಿ ಮುಚ್ಚಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದಾಗ ಆ ಮಾತಿನ ಬೆಲೆ ಎಷ್ಟೆಂದು ಗೊತ್ತಾಯಿತು. ಆಂಬುಲೆನ್ಸ್ ವಾಪಸ್ ಬಂತು, ದಾರಿ ಸಿಗದೆ ಜನ ಸತ್ತರು. ಹೈಕೋರ್ಟ್ ಆದೇಶದ ಪ್ರತಿ ಹಿಡಿದು ಗಡಿಯಲ್ಲಿ ನಿಂತವರ ಮುಖ ನಾನು ಮರೆತಿಲ್ಲ.

2025ರ ಡಿಸೆಂಬರಿನ ಚುನಾವಣೆಯಲ್ಲಿ ಗೆದ್ದ ಹೊಸ ಪಂಚಾಯತ್ ಸದಸ್ಯರು ಈಗ ಕುರ್ಚಿಯಲ್ಲಿದ್ದಾರೆ. ಇದನ್ನು ಓದುವವರಲ್ಲಿ ಅಂಥವರು ಕೆಲವರಾದರೂ ಇದ್ದೀರಿ. ನಿಮ್ಮ ಆರೋಗ್ಯ ಕೇಂದ್ರ ಪಂಚಾಯತ್‌ಗೆ ಹಸ್ತಾಂತರವಾದ ಸಂಸ್ಥೆ, ಅದರ ನಿರ್ವಹಣಾ ಸಮಿತಿಯ ಅಧ್ಯಕ್ಷತೆ ನಿಮ್ಮ ಪಂಚಾಯತ್ ಅಧ್ಯಕ್ಷರದ್ದು. ಮುಂದಿನ ಸಭೆಯಲ್ಲಿ ಹೊಸ ಕಟ್ಟಡದ ವಿಷಯಕ್ಕೆ ಮೊದಲು ಹಾಜರಿ ಪುಸ್ತಕ ತರಿಸಿ. ಮಂಜೂರಾದ ಹುದ್ದೆ ಎಷ್ಟು, ಇಲ್ಲಿ ನಿಜವಾಗಿ ಕೆಲಸ ಮಾಡುವವರು ಎಷ್ಟು, ವರ್ಕಿಂಗ್ ಅರೇಂಜ್‌ಮೆಂಟಿನಲ್ಲಿ ಬೇರೆ ಜಿಲ್ಲೆಯಲ್ಲಿರುವವರು ಎಷ್ಟು ಎಂದು ಕೇಳಿ, ಉತ್ತರವನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಆಸ್ಪತ್ರೆಯ ಬಾಗಿಲಿಗೆ ಅಂಟಿಸಿ. ಆ ಪಟ್ಟಿಯ ಫೋಟೋವನ್ನು ಇಲ್ಲಿ ಹಾಕಿ. ಅದನ್ನು ಹಿಡಿದು ಜಿಲ್ಲಾ ವೈದ್ಯಾಧಿಕಾರಿಗಳ ಕಚೇರಿಗೆ ಹೋಗುವಾಗ ನಾನೂ ನಿಮ್ಮ ಜೊತೆ ಬರುತ್ತೇನೆ.