ಔಷಧಿ ಗಿಡಗಳ ವೈವಿಧ್ಯ: ಸಸ್ಯೋದ್ಯಾನ ಕಾಯಬಲ್ಲುದೇ?

ಪರ

ರಾಂಪತ್ರೆ ಜಾಯಿಕಾಯಿಯ ಬಳಗಕ್ಕೆ ಸೇರಿದ ಪಶ್ಚಿಮ ಘಟ್ಟದ ಔಷಧಿ ಮರ. ಅದರ ಬೀಜವನ್ನು ರಾಗಿಯಂತೆ ಒಣಗಿಸಿ ಡಬ್ಬಿಯಲ್ಲಿಡಲು ಬರುವುದಿಲ್ಲ. ತೇವ ಆರಿದರೆ ಒಳಗಿನ ಮೊಳಕೆಯೇ ಸಾಯುತ್ತದೆ. ಬೀಜ ಬ್ಯಾಂಕಿನಲ್ಲಿ ಸುಮಾರು ಶೇ 5ರ ತೇವಾಂಶಕ್ಕಿಳಿಸಿ ಮೈನಸ್ 18 ಡಿಗ್ರಿಯಲ್ಲಿ ದಶಕಗಟ್ಟಲೆ ಇಡುವ ಉಪಾಯ ಇಂಥ ಮರಗಳಿಗೆ ಒದಗದು. ಕಾಡಿನಾಚೆ ಇವನ್ನು ಉಳಿಸಲು ಬೆಳೆದು ನಿಂತ ಮರವೇ ಬೇಕು, ಅದನ್ನು ತಲೆಮಾರುಗಳ ಕಾಲ ಕಾಯುವ ಸಸ್ಯೋದ್ಯಾನವೂ ಬೇಕು.

ಜಾತಿಗೊಂದು ಗಿಡ, ಗಿಡಕ್ಕೊಂದು ಫಲಕ ಎಂಬ ಹಳೆಯ ಪದ್ಧತಿ ಸಾಲದು ನಿಜ. ಒಂದು ಕಾಡಿನಲ್ಲಿ ದೂರದೂರದ ಕನಿಷ್ಠ 50 ತಾಯಿಗಿಡಗಳಿಂದ ಬೀಜ ಆಯಬೇಕು. ಅಲ್ಲಿ ಶೇ 5ಕ್ಕಿಂತ ಹೆಚ್ಚಾಗಿ ಕಾಣುವ ವಂಶವಾಹಿ ರೂಪಗಳು (ಗಿಡದಿಂದ ಗಿಡಕ್ಕೆ ಗುಣ ಬೇರೆಯಾಗಿಸುವ ಒಂದೇ ವಂಶವಾಹಿಯ ಬಗೆಗಳು) ಆಗ ಬಹುತೇಕ ಕೈಗೆ ಸಿಗುತ್ತವೆ. ಮಾಗಿದ ಬೀಜದಲ್ಲಿ ಐದನೇ ಒಂದು ಪಾಲು ಮೀರಬಾರದು. ಮಿಕ್ಕದ್ದು ಕಾಡಿನ ಪಾಲು. ಪ್ರತಿ ತಾಯಿಗಿಡಕ್ಕೂ ಬೇರೆ ಚೀಲ, ಬೇರೆ ಸಂಖ್ಯೆ. ಜಾಗ, ಎತ್ತರ, ದಿನಾಂಕವನ್ನು ನಿಂತಲ್ಲೇ ಬರೆದುಕೊಳ್ಳಬೇಕು, ಸಂಜೆಗೆಂದು ಬಿಟ್ಟರೆ ಮರೆತುಹೋಗುತ್ತದೆ. ರಾಂಪತ್ರೆಯ ಬೀಜವನ್ನು ತೇವದ ತೆಂಗಿನ ನಾರಿನ ಪುಡಿಯಲ್ಲಿಟ್ಟು ತಂದು, ಬೀಜದ ಮೇಲಿನ ಹೊದಿಕೆಯಾದ ಪತ್ರೆಯನ್ನು ಬಿಡಿಸಿ, ಕೆಲವೇ ದಿನಗಳಲ್ಲಿ ನೆರಳಿನ ಮರಳುಪಾತಿಗೆ ಹಾಕಬೇಕು. ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಬಿಟ್ಟರೆ ಬಿಸಿಯೇರಿ ಬೂಸ್ಟು ಹಿಡಿಯುತ್ತದೆ.

ಸರ್ಪಗಂಧದಲ್ಲಿ ಮದ್ದಿಗೆ ಬೇಕಾದ್ದು ಬೇರು. ಕಿತ್ತರೆ ಗಿಡವೇ ಹೋಯಿತು. ಉದ್ಯಾನದ ತಾಯಿಪಾತಿಯಿಂದ ಬೀಜವೋ 2–5 ಸೆಂ.ಮೀ. ಉದ್ದದ ಬೇರಿನ ತುಂಡೋ ರೈತರಿಗೆ ಸಿಕ್ಕರೆ ಕಾಡಿಗೆ ಗುದ್ದಲಿ ಹೋಗುವುದು ಕಡಿಮೆಯಾಗುತ್ತದೆ. ತುಂಡನ್ನೇ ನೆಚ್ಚಿದರೆ ಎಲ್ಲವೂ ಒಂದೇ ಗಿಡದ ಪ್ರತಿಗಳು. ಆದ್ದರಿಂದ ಬೀಜದ ಸಸಿಗಳೇ ಹೆಚ್ಚಿರಲಿ.

ವಿರೋಧ

50 ತಾಯಿಗಿಡ ಎನ್ನುವವರು ಜಾಗದ ಲೆಕ್ಕವನ್ನೂ ಹಾಕಬೇಕು. ರಾಂಪತ್ರೆಗೆ 8 ಮೀಟರ್ ಅಂತರ ಕೊಟ್ಟರೆ 50 ಮರಕ್ಕೆ 3,200 ಚದರ ಮೀಟರ್, ಮುಕ್ಕಾಲು ಎಕರೆಗೂ ಮೇಲೆ. ಅದೂ ಒಂದೇ ಕಾಡಿನ ಮಾದರಿಗೆ, ತಾಯಿಗೊಂದೇ ಸಸಿಯಂತೆ. ಲಾಲ್‌ಬಾಗ್ ಇಡಿಯಾಗಿ 240 ಎಕರೆ. ಮೇಲಾಗಿ ರಾಂಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಡುವವರೆಗೆ ಯಾವುದೆಂದು ತಿಳಿಯದು. ಕಾಡಿನ ಔಷಧಿ ಬಳ್ಳಿಯಾದ ಮರದರಿಶಿನವೂ ಹಾಗೆಯೇ. ಜಾಗವಿಲ್ಲವೆಂದು ಎರಡೋ ಮೂರೋ ನೆಟ್ಟು, ಎಲ್ಲವೂ ಗಂಡಾದರೆ ಅಲ್ಲಿ ಕಾಯಿಯೇ ಕಾಣದು.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ, ಬೆಂಗಳೂರಿನಲ್ಲಿ ಸುಮಾರು 1,000. ಪೈಪಿನ ನೀರಿನಲ್ಲಿ ಗಿಡ ಬದುಕೀತು. ಆದರೆ ಹಾಗೆ ಉಳಿಯುವ ಸಸಿಗಳು ಬೆಂಗಳೂರಿಗೆ ಒಗ್ಗಿದವು, ಆಗುಂಬೆಗಲ್ಲ. ಕೊಡಗಿನ ಗಿಡವನ್ನೂ ಉತ್ತರ ಕನ್ನಡದ ಗಿಡವನ್ನೂ ಅಕ್ಕಪಕ್ಕ ನೆಟ್ಟರೆ ಪರಾಗ ಬೆರೆತು, ಮುಂದಿನ ಬೀಜ ಯಾವ ಬೆಟ್ಟದ್ದೂ ಅಲ್ಲ. ರಾಂಪತ್ರೆಯ ಬೀಜವನ್ನು ದೂರಕ್ಕೆ ಒಯ್ಯುವ ಮಂಗಟ್ಟೆ ಹಕ್ಕಿಯಂತೂ ಉದ್ಯಾನದಲ್ಲಿ ಸಿಗುವುದು ಕಷ್ಟ.

ಗಿಡವನ್ನು ಕಾಡಿನಲ್ಲೇ ಕಾಯುವ ಬೇರೆ ದಾರಿ ನಮ್ಮಲ್ಲೇ ಇದೆ. 1993ರಿಂದ ಸ್ಥಳೀಯ ವೈದ್ಯ ಪರಂಪರೆಗಳ ಪುನಶ್ಚೇತನಕ್ಕೆ ದುಡಿಯುವ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಅರಣ್ಯ ಇಲಾಖೆಯೊಂದಿಗೆ ಸೇರಿ ಸಾವನದುರ್ಗ, ದೇವರಾಯನದುರ್ಗ, ಚಾರ್ಮಾಡಿ, ದೇವಿಮನೆಯಂಥ ಕಡೆ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿತು. ಹಣ ಮೊದಲು ಅಲ್ಲಿನ ಕಾವಲಿಗೆ, ಕಾಡುಬೆಂಕಿ ಹರಡದಂತೆ ತೆರವು ಮಾಡುವ ಬೆಂಕಿರೇಖೆಗೆ, ಸಸಿಗಳ ಎಣಿಕೆಗೆ ಹೋಗಲಿ. ಸುತ್ತಲಿನ ಕಾಡಿನಲ್ಲಿ ತೊಗಟೆ, ಬೇರು ಆಯುವವರಿಗೆ ಕೆಲಸ ಕಲಿಸಲೂ ಹೋಗಲಿ. ಅಶೋಕದ ತೊಗಟೆಯನ್ನು ಸುತ್ತಲೂ ಸುಲಿದರೆ ಎಲೆ ಮಾಡಿದ ಆಹಾರ ಬೇರಿಗೆ ಇಳಿಯದೆ ಮರ ಒಣಗುತ್ತದೆ. ಒಂದೇ ಪಕ್ಕದಲ್ಲಿ, ಕಾಂಡದ ಸುತ್ತಳತೆಯ ಕಾಲು ಭಾಗಕ್ಕಿಂತ ಕಿರಿದಾದ ಉದ್ದ ಪಟ್ಟಿ ತೆಗೆದು, ಒಳಗಿನ ಕಟ್ಟಿಗೆಗೆ ಕತ್ತಿ ತಾಗಿಸದಿದ್ದರೆ ಗಾಯ ಮುಚ್ಚಿಕೊಳ್ಳುತ್ತದೆ. ಅದು ಪೂರ್ತಿ ಮುಚ್ಚುವವರೆಗೆ ಆ ಮರಕ್ಕೆ ಮತ್ತೆ ಕೈ ಹಾಕಬಾರದು.