ಕ್ಯಾಮೆರಾ ಬಂದ್ ಇದ್ದ ಹೊತ್ತಿನ ಲೆಕ್ಕ ಯಾರು ಕೊಡಬೇಕು?

"ಪೊಲೀಸರ ಎದಿ ಮ್ಯಾಲೆ ಒಂದೊಂದು ಕ್ಯಾಮೆರಾ ಹಾಕಿಬಿಡ್ರಿ, ಎಲ್ಲಾ ತಾನ ಸರಿ ಹೋಗ್ತದ." ಹುಬ್ಬಳ್ಳಿ ಚನ್ನಮ್ಮ ಸರ್ಕಲ್ಲಿನ ಚಹಾದಂಗಡಿಯಿಂದ ಧಾರವಾಡ ಹೈಕೋರ್ಟ್ ಪೀಠದ ಅಂಗಳದ ತನಕ ಈ ಮಾತು ಓಡಾಡ್ತಿರ್ತದೆ. ಕ್ಯಾಮೆರಾ ಬೇಡ ಅನ್ನೋನಲ್ಲ ನಾನು. ಬೇಕೇ ಬೇಕು. ಆದರೆ ಅದು ಬಂದ್ ಇದ್ದಾಗ ಏನು ಮಾಡಬೇಕು, ಯಾರು ಉತ್ತರ ಕೊಡಬೇಕು ಅಂತ ಬರೆದಿಡದೆ ಕೊಂಡರೆ ಅದು ಖಾಕಿ ಅಂಗಿಗೆ ಹೊಲಿದ ಇನ್ನೊಂದು ಗುಂಡಿ, ಅಷ್ಟೇ.

ಯಂತ್ರದ ಸ್ವಭಾವ ಮೊದಲು ತಿಳಕೊಳ್ರಿ. ಬಹಳಷ್ಟು ಮಾದರಿಗಳಲ್ಲಿ ಕ್ಯಾಮೆರಾ ಕೊನೆಯ 30 ಸೆಕೆಂಡನ್ನು ಸದಾ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಗುಂಡಿ ಒತ್ತಿದಾಗ ಆ 30 ಸೆಕೆಂಡು ರೆಕಾರ್ಡಿಂಗಿನ ಶುರುವಿಗೆ ಸೇರಿಕೊಳ್ಳುತ್ತದೆ, ಆದರೆ ಕೆಲವು ಮಾದರಿಗಳಲ್ಲಿ ಅದಕ್ಕೆ ದನಿ ಇರೋದಿಲ್ಲ. ಜಗಳ ಶುರುವಾದ ಮೊದಲ ಬೈಗುಳ ಯಾರದು ಅನ್ನೋದು ಅಲ್ಲೇ ಕಳೆದುಹೋಗ್ತದೆ: ತುಟಿ ಆಡ್ತದೆ, ಮಾತು ಕೇಳೋದಿಲ್ಲ. ಇದನ್ನು ಕಂಡು "ಆಡಿಯೋ ಅಳಿಸ್ಯಾರ" ಅಂತ ಕೂಗೋ ಮುಂಚೆ ಆ ಮಾದರಿಯ ಕೈಪಿಡಿ ಒಮ್ಮೆ ನೋಡಬೇಕು.

ಗಾಡಿ ನಿಲ್ಲಿಸಲು ಕೈ ಎತ್ತಿದರೆ ತೋಳೇ ಲೆನ್ಸಿಗೆ ಅಡ್ಡ. ಮಳೆಗಾಲದಲ್ಲಿ ರೇನ್‌ಕೋಟ್ ಒಳಗೆ ಕ್ಯಾಮೆರಾ ಸಿಕ್ಕಿಕೊಂಡರೆ ಕತ್ತಲೆಯ ಎರಡು ತಾಸು ಸಿಗುತ್ತದೆ. ಅಗಲ ಕೋನದ ಲೆನ್ಸಿನಲ್ಲಿ ಎದುರಿಗಿದ್ದವನು ಇದ್ದದ್ದಕ್ಕಿಂತ ದೂರ ಕಾಣ್ತಾನೆ, ಹಾಗಾಗಿ ಮೈಮೇಲೆ ಬಂದನೋ ಇಲ್ಲವೋ ಅನ್ನೋದನ್ನು ಚಿತ್ರ ನೋಡಿ ಅಳೆಯೋದು ಅಪಾಯ. ಗಡಿಯಾರದ ತೊಂದರೆ ಇನ್ನೊಂದು. ಕ್ಯಾಮೆರಾದ ಸಮಯಕ್ಕೂ ದಂಡದ ಚಲನ್ ಯಂತ್ರದ ಸಮಯಕ್ಕೂ ನಾಲ್ಕು ನಿಮಿಷ ವ್ಯತ್ಯಾಸ ಬಂದರೆ ವಕೀಲರಿಗೆ ಅಷ್ಟು ಸಾಕು. ಪಾಳಿ ಮುಗಿದ ಮೇಲೆ ಡಾಕ್‌ಗೆ (ಚಾರ್ಜ್ ಮಾಡುವ ಪೆಟ್ಟಿಗೆಗೆ) ಸಿಕ್ಕಿಸಿದಾಗ ಚಾರ್ಜಿನ ಜೊತೆ ಗಡಿಯಾರವೂ ಸರಿಹೋಗುವಂತೆ ವ್ಯವಸ್ಥೆ ಇರಬೇಕು.

ಕ್ಯಾಮೆರಾ ಬಿದ್ದೂ ಹೋಗಬಹುದು. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಪೊಲೀಸ್ ಅಧಿಕಾರಿ ಡೆರೆಕ್ ಶಾವಿನ್‌ನ ಎದೆಯ ಕ್ಯಾಮೆರಾ ತಳ್ಳಾಟದಲ್ಲಿ ಕಳಚಿ ಪೊಲೀಸ್ ಕಾರಿನ ಕೆಳಗೆ ಬಿದ್ದಿತ್ತು. ಜಗತ್ತು ನೋಡಿದ್ದು ರಸ್ತೆಬದಿ ನಿಂತಿದ್ದ 17 ವರ್ಷದ ಹುಡುಗಿಯ ಮೊಬೈಲ್ ವಿಡಿಯೋ.

ಕ್ಯಾಮೆರಾದಿಂದ ಪೊಲೀಸರ ನಡತೆ ಬದಲಾಗ್ತದೆಯೇ? ಕ್ಯಾಲಿಫೋರ್ನಿಯಾದ ಸಣ್ಣ ಊರು ರಿಯಾಲ್ಟೊದಲ್ಲಿ 2012ರಲ್ಲಿ ಶುರುವಾದ ಪ್ರಯೋಗದಲ್ಲಿ ಪೊಲೀಸರ ಮೇಲಿನ ದೂರು ಭಾರೀ ಇಳಿಯಿತು, ಎಲ್ಲರೂ ಅದನ್ನೇ ಹೇಳ್ತಾರೆ. ವಾಷಿಂಗ್ಟನ್ ಡಿ.ಸಿ.ಯಲ್ಲಿ 2,000ಕ್ಕೂ ಹೆಚ್ಚು ಸಿಬ್ಬಂದಿ ಮೇಲೆ ನಡೆದ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು: ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಅದನ್ನು ಯಾರೂ ಹೇಳೋದಿಲ್ಲ. ಯಾವಾಗ ಚಾಲೂ ಮಾಡಬೇಕು ಅನ್ನೋದನ್ನು ಹಾಕಿಕೊಂಡವರ ಮರ್ಜಿಗೆ ಬಿಟ್ಟರೆ ಲಾಭ ಕೈಗೆ ಹತ್ತೋದಿಲ್ಲ ಅಂತ ನನ್ನ ತೀರ್ಮಾನ.

ಈಗ ಡಿಸ್ಕಿನ ಲೆಕ್ಕ. ಸೆಕೆಂಡಿಗೆ 6 ಮೆಗಾಬಿಟ್‌ನಂತೆ ಬರೆದರೆ ತಾಸಿಗೆ 2.7 ಜಿಬಿ. ಪಾಳಿಯಲ್ಲಿ ಎರಡೇ ತಾಸು ಚಾಲೂ ಇಟ್ಟರೂ 5.4 ಜಿಬಿ. 50 ಕ್ಯಾಮೆರಾ ಅಂದುಕೊಳ್ಳಿ, ದಿನಕ್ಕೆ 270 ಜಿಬಿ, ತಿಂಗಳಿಗೆ 8 ಟಿಬಿ ಮೇಲೆ, 18 ತಿಂಗಳಿಗೆ 145 ಟಿಬಿ ಆಸುಪಾಸು. ಜಾಗ ತುಂಬಿದಾಗ ಹಳೆಯದು ತಾನೇ ಅಳಿಸಿಹೋಗುವಂತೆ ಇಟ್ಟಿದ್ದರೆ ಯಾರೂ ಕೈ ಹಚ್ಚದೆಯೇ ಸಾಕ್ಷಿ ಮಾಯ. ಅದಕ್ಕೇ ಟೆಂಡರ್ ಪತ್ರ ಕೈಗೆ ಸಿಕ್ಕರೆ ಕ್ಯಾಮೆರಾ ಎಷ್ಟು ಅಂತ ಆಮೇಲೆ ನೋಡ್ರಿ, ಡಿಸ್ಕ್ ಎಷ್ಟು, ಅಳಿಸುವ ಅಧಿಕಾರ ಯಾವ ಹುದ್ದೆಯವರಿಗೆ, ಯಾರು ಯಾವಾಗ ತೆರೆದು ನೋಡಿದರು ಅನ್ನೋ ದಾಖಲೆ ಉಳೀತದೋ ಇಲ್ಲೋ, ಅದನ್ನು ಮೊದಲು ನೋಡ್ರಿ.

ನಿಯಮ ಹೇಗಿರಬೇಕು ಅಂತ ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಠಾಣೆಯ ಸಿಸಿಟಿವಿ ಬಗ್ಗೆ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಬರೆದಿಟ್ಟಿದೆ. ಲಾಕಪ್, ಪಡಸಾಲೆ, ಇನ್ಸ್‌ಪೆಕ್ಟರ್ ಕೋಣೆ, ಠಾಣೆಯ ಹಿಂಬದಿ ಎಲ್ಲ ಕಡೆ ಕ್ಯಾಮೆರಾ, ದನಿ ಸಮೇತ. ಸಾಧ್ಯವಾದರೆ 18 ತಿಂಗಳು, ಕನಿಷ್ಠ ಒಂದು ವರ್ಷ ಉಳಿಸಬೇಕು. ಆ ತೀರ್ಪಿನಲ್ಲಿ ನನಗೆ ಬಂಗಾರದಂಥ ಸಾಲು ಅಂದರೆ ಇದು: ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿ ಜಿಲ್ಲಾ ಮೇಲ್ವಿಚಾರಣಾ ಸಮಿತಿಗೆ ತಿಳಿಸಬೇಕು, *ಕೆಟ್ಟಿದ್ದ ಅವಧಿಯಲ್ಲಿ ಯಾರನ್ನು ಬಂಧಿಸಿದೆವು, ಯಾರ ವಿಚಾರಣೆ ಮಾಡಿದೆವು* ಅನ್ನೋದನ್ನೂ ಕೊಡಬೇಕು. ಬಂದ್ ಇದ್ದ ಹೊತ್ತಿನ ಲೆಕ್ಕ ಅಂದರೆ ಇದೇ. ಇದನ್ನೇ ಎದೆಯ ಕ್ಯಾಮೆರಾಕ್ಕೂ ಹಾಕ್ರಿ: ಪಾಳಿ ಮುಗಿದಾಗ ಯಾವ ಕ್ಯಾಮೆರಾ ಎಷ್ಟು ಹೊತ್ತು ಬಂದ್ ಇತ್ತು, ಕಾರಣ ಏನು, ಆ ಹೊತ್ತಿನಲ್ಲಿ ಯಾರನ್ನು ತಡೆದರು, ಸ್ಟೇಷನ್ ಡೈರಿಯಲ್ಲಿ ಮೂರು ಸಾಲು. ಬ್ಯಾಟರಿ ಮುಗೀತು ಅಂತ ಬರೆದರೂ ಅಡ್ಡಿಯಿಲ್ಲ. ವಾರಕ್ಕೆ ನಾಲ್ಕು ಸಲ ಒಬ್ಬರದೇ ಬ್ಯಾಟರಿ ಮುಗಿದರೆ ಕಾಗದದ ಮೇಲೆ ಕಾಣ್ತದಲ್ಲ.

ಅಂದಹಾಗೆ ಆ ಜಿಲ್ಲಾ ಸಮಿತಿಯಲ್ಲಿ ಪ್ರಾದೇಶಿಕ ಆಯುಕ್ತರು, ಜಿಲ್ಲಾಧಿಕಾರಿ, ಎಸ್‌ಪಿ ಜೊತೆಗೆ ಒಬ್ಬ ಮೇಯರ್‌ಗೂ ಜಾಗ ಇದೆ. ಪಾಲಿಕೆ ಸಭೆಯಲ್ಲಿ ಗಟಾರ, ಬೀದಿನಾಯಿ, ಇಪ್ಪತ್ನಾಲ್ಕು ತಾಸಿನ ನೀರು ಎಲ್ಲ ಚರ್ಚೆ ಆಗ್ತದೆ. ಠಾಣೆಯ ಕ್ಯಾಮೆರಾ ಸಮಿತಿ ಯಾವಾಗ ಕೂಡಿತ್ತು ಅಂತ ಒಬ್ಬ ಸದಸ್ಯರಾದರೂ ಕೇಳಬಹುದಲ್ಲ?

ಕಾಣೆಯಾದ ಚಿತ್ರ ಯಾರ ಲೆಕ್ಕಕ್ಕೆ ಬೀಳಬೇಕು ಅನ್ನೋದಕ್ಕೂ ದಾರಿ ಇದೆ. 2015ರಲ್ಲಿ ತೀರ್ಪು ಬಂದ, ಕೊಲೆ ಆರೋಪ ಹೊತ್ತಿದ್ದ ತೊಮಾಸೊ ಬ್ರೂನೊ ಪ್ರಕರಣದಲ್ಲಿ ಹೋಟೆಲಿನ ಸಿಸಿಟಿವಿ ಚಿತ್ರವನ್ನು ಪ್ರಾಸಿಕ್ಯೂಷನ್ ಹಾಜರುಪಡಿಸಲಿಲ್ಲ. ಅದನ್ನು ಸುಪ್ರೀಂ ಕೋರ್ಟ್ ಪ್ರಾಸಿಕ್ಯೂಷನ್ ವಿರುದ್ಧವೇ ಎಣಿಸಿತು, ಆರೋಪಿಗಳು ಬಿಡುಗಡೆಯಾದರು. ಕೊಡಬಹುದಾಗಿದ್ದ ಸಾಕ್ಷ್ಯ ತಡೆದವರಿಗೆ ಅದು ಪ್ರತಿಕೂಲವಾಗಿತ್ತು ಅಂತ ನ್ಯಾಯಾಲಯ ಊಹಿಸಬಹುದು. ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಮಿನ ಉದಾಹರಣೆಗಳಲ್ಲಿ ಅದೂ ಒಂದು. ಮೇಲೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 105ನೇ ಕಲಂ ಪ್ರಕಾರ ಶೋಧ, ಜಪ್ತಿಯ ವಿಡಿಯೋ ಕಡ್ಡಾಯ, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಪಂಚನಾಮೆಗೆ ಸಹಿ ಹಾಕೋ ಪಂಚರು "ವಿಡಿಯೋ ಚಾಲೂ ಐತೇನ್ರಿ ಸಾಹೇಬ್ರ?" ಅಂತ ಕೇಳಿದರೆ ತಪ್ಪಿಲ್ಲ.

ಸಂಚಾರ ದಂಡದ ಮಾತಿಗೆ ಬಂದರೆ, 2021ರ ಆಗಸ್ಟ್‌ನಲ್ಲಿ ಬಂದ ಮೋಟಾರು ವಾಹನ ನಿಯಮ 167ಎ ಚಲನ್ ಹಾಕಲು ಬಳಸಬಹುದಾದ ಉಪಕರಣಗಳಲ್ಲಿ ಎದೆಯ ಕ್ಯಾಮೆರಾವನ್ನು ಹೆಸರಿಟ್ಟೇ ಸೇರಿಸಿದೆ, ಇಂಥ ಉಪಕರಣ ಇಡಬೇಕಾದ 132 ನಗರಗಳ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡವೂ ಇದೆ. ಉಪಕರಣಕ್ಕೆ ವರ್ಷ ವರ್ಷ ನವೀಕರಿಸಿದ ಅನುಮೋದನಾ ಪ್ರಮಾಣಪತ್ರ ಇರಬೇಕು.

ನಿಮಗೇ ತಕರಾರು ಬಂದರೆ? "ಫುಟೇಜ್ ಕೊಡ್ರಿ" ಅಂತ ಶುರು ಮಾಡಬೇಡಿ, "ಅಳಿಸದೆ ಕಾಯ್ದಿಡಿ" ಅಂತ ಬರೀರಿ, ಅದೂ ಒಂದೆರಡು ದಿನದೊಳಗೆ. ತಾರೀಖು, ಹತ್ತು ನಿಮಿಷದ ಅಂತರದೊಳಗೆ ಸಮಯ, ಜಾಗ (ಹೊಸೂರು ಸರ್ಕಲ್ ಅಂದರೆ ಸಾಲದು, ಯಾವ ಬದಿ ಅಂತ ಬೇಕು), ನಾಮಫಲಕದ ಹೆಸರು, ಜೀಪಿನ ನಂಬರು, ಚಲನ್ ನಂಬರು. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಹಾಕೋದಿಲ್ಲ ಅಂದರೆ ವಾದ ಬೇಡ, ಸ್ಪೀಡ್ ಪೋಸ್ಟ್ ಮಾಡಿ: ಅವಳಿ ನಗರದವರು ನವನಗರದ ಕಮಿಷನರ್ ಕಚೇರಿಗೆ, ಗದಗ-ಹಾವೇರಿಯವರು ಎಸ್‌ಪಿ ಕಚೇರಿಗೆ. ಮಾಹಿತಿ ಹಕ್ಕಿನ ಅರ್ಜಿ ಬೇರೆ ಹಾಳೆಯಲ್ಲಿ, 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ ಇರೋದರಿಂದ ಅದೊಂದನ್ನೇ ನಂಬಿ ಕೂಡಬೇಡಿ.

ನಿಮ್ಮ ಮೊಬೈಲಿನಲ್ಲೇ ವಿಡಿಯೋ ಇದ್ದರೆ ಮೂಲ ಫೈಲು ಆ ಮೊಬೈಲಿನಲ್ಲೇ ಇರಲಿ. ವಾಟ್ಸಾಪ್‌ನಲ್ಲಿ ಕಳಿಸಿದ್ದು ಸಾಮಾನ್ಯವಾಗಿ ಕುಗ್ಗಿದ ನಕಲು, ಮೂಲದ ವಿವರ ಅದರಲ್ಲಿ ಉಳಿಯೋದಿಲ್ಲ. ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚು ಇದ್ದಂಗೆ, ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಅಂಕಿ-ಅಕ್ಷರಗಳ ಸಾಲು) ಬರೆಯಬೇಕು. ಒಂದು ಸೆಕೆಂಡು ಕತ್ತರಿಸಿದರೂ ಹ್ಯಾಶ್ ಬದಲಾಗ್ತದೆ, ಹಾಗಾಗಿ ಸ್ಟೇಟಸ್‌ಗೆ ಹಾಕಲು ಟ್ರಿಮ್ ಮಾಡೋದಿದ್ದರೆ ನಕಲಿನ ಮೇಲೆ ಮಾಡಿ.