ಬೆನ್ನಿನ ಅಳತೆ ಆಮೇಲೆ, ಜೇಬಿನ ಅಳತೆ ಮೊದಲು

ಫಾರ್ಮುಲಾ ಒನ್ ಕಾರ್ ರೇಸಿನ ಪ್ರೀಸೀಸನ್ ಟೆಸ್ಟಿಂಗ್, ಅಂದರೆ ಸೀಸನ್ ಶುರುವಾಗೋ ಮುಂಚಿನ ಪರೀಕ್ಷಾ ಓಟ, ಮುಗಿದ ಸಂಜೆ ಬರುವ ಹೇಳಿಕೆಗಳನ್ನು ಓದಿದ್ದೀರಾ? ಎಲ್ಲರಿಗೂ ಖುಷಿಯೋ ಖುಷಿ. ಮೊದಲ ಸ್ಥಾನದಲ್ಲಿದ್ದವರಿಗೆ ಖುಷಿ, ಮೊದಲು ಬಂದರಲ್ಲ. ಮಧ್ಯದಲ್ಲಿದ್ದವರಿಗೆ ಖುಷಿ, ಅವರು ನಿಜವಾದ ವೇಗ ಇನ್ನೂ ತೋರಿಸೇ ಇಲ್ಲ. ಕೊನೆಯಲ್ಲಿದ್ದ ಚಿಕ್ಕ ಟೀಮಿಗಂತೂ ಎಲ್ಲರಿಗಿಂತ ಜಾಸ್ತಿ ಖುಷಿ. ಅವರಿಗೆ ‘ಬಹಳಷ್ಟು ಡೇಟಾ’ ಸಿಕ್ಕಿದೆ.

ಡೇಟಾ ಯಾವಾಗಲೂ ಸಿಗುತ್ತದೆ. ಕಾರು ಓಡಿದರೆ ಓಡಿದ ಡೇಟಾ. ನಡುದಾರಿಯಲ್ಲಿ ಕೆಟ್ಟು ನಿಂತರೆ ಯಾಕೆ ನಿಂತಿತು ಅನ್ನೋ ಡೇಟಾ. ಹೊಗೆ ಬಂದರೆ ಎಷ್ಟು ಡಿಗ್ರಿಗೆ ಹೊಗೆ ಬರುತ್ತದೆ ಅನ್ನೋ ಡೇಟಾ. ಇಷ್ಟು ಡೇಟಾ ಇಟ್ಟುಕೊಂಡ ಟೀಮು ಮತ್ತೆ ಮುಂದಿನ ವರ್ಷವೂ ಕೊನೆಯಲ್ಲೇ ಯಾಕಿರುತ್ತದೆ ಅನ್ನೋದಕ್ಕೆ ಮಾತ್ರ ಯಾರ ಹತ್ತಿರವೂ ಡೇಟಾ ಇಲ್ಲ.

ಯಾರು ಎಷ್ಟು ಹೊತ್ತಿನಲ್ಲಿ ಸುತ್ತಿದರು ಅನ್ನೋ ಟೈಮ್ ಶೀಟ್ ನೋಡಿ ಏನಾದರೂ ಗೊತ್ತಾಗುತ್ತದಾ ಅಂದರೆ ಅದೂ ಇಲ್ಲ. ಟ್ಯಾಂಕಿನಲ್ಲಿ 10 ಕೆಜಿ ಇಂಧನ ಜಾಸ್ತಿಯಿದ್ದರೆ ಒಂದು ಲ್ಯಾಪ್‌ಗೆ (ಟ್ರ್ಯಾಕಿನ ಒಂದು ಸುತ್ತಿಗೆ) ಹತ್ತಿರ ಹತ್ತಿರ 0.3 ಸೆಕೆಂಡ್ ನಷ್ಟ. ಯಾರ ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಯಾರೂ ಬಾಯಿ ಬಿಡಲ್ಲ. ಒಬ್ಬ 100 ಕೆಜಿ ಹೊತ್ತು ಓಡುತ್ತಿರುತ್ತಾನೆ, ಇನ್ನೊಬ್ಬ ತಳ ಕಾಣುವ ಟ್ಯಾಂಕಿನಲ್ಲಿ. ಮೂರು ಸೆಕೆಂಡ್ ಅಲ್ಲಿಗೇ ಹೋಯಿತು. ಆ ಮೂರು ಸೆಕೆಂಡಿನೊಳಗೆ ಇಡೀ ಗ್ರಿಡ್, ಅಂದರೆ ರೇಸಿಗೆ ಸಾಲಾಗಿ ನಿಲ್ಲುವ ಅಷ್ಟೂ ಕಾರು, ಮಲಗಿ ಎದ್ದು ಹೋಗಬಹುದು. ಅಡ್ಡಗೋಡೆ ಮೇಲೆ ದೀಪ ಇಡೋದಕ್ಕೆ ಇದಕ್ಕಿಂತ ಒಳ್ಳೆಯ ಗೋಡೆ ಬೇಕಾ?

ಬಡ ಟೀಮಿಗೆ ಇದು ವರದಾನ. ಸ್ಪಾನ್ಸರ್ ಹುಡುಕಬೇಕಾದ ವರ್ಷ ಕಾರನ್ನು ಹಗುರ ಮಾಡಿ ಒಂದು ಲ್ಯಾಪ್ ಬಿಟ್ಟರೆ ಮರುದಿನ ಪೇಪರಿನಲ್ಲಿ ಹೆಸರು ಬರುತ್ತದೆ. 2001ರ ಚಳಿಗಾಲದಲ್ಲಿ ಪ್ರೋಸ್ಟ್ ಟೀಮಿನ ಕಾರು ಟೆಸ್ಟ್‌ಗಳಲ್ಲಿ ಮೇಲಿಂದ ಮೇಲೆ ಮಿಂಚಿತು. ಡ್ರೈವರ್ ಜಾನ್ ಅಲೇಸಿ ಹಾರಿಕೊಂಡು ಹೋಗುತ್ತಿದ್ದರು. ಆ ಇಡೀ ಸೀಸನ್‌ನಲ್ಲಿ ಟೀಮಿಗೆ ಸಿಕ್ಕಿದ್ದು 4 ಪಾಯಿಂಟ್. ಮರುವರ್ಷ ಶುರುವಿನಲ್ಲೇ ಟೀಮಿಗೆ ಬೀಗ ಬಿತ್ತು. ಟೆಸ್ಟಿಂಗ್‌ಗೂ ಒಂದು ಚಾಂಪಿಯನ್‌ಶಿಪ್ ಇಟ್ಟಿದ್ದರೆ ಪಾಪ, ಒಂದು ಕಪ್ಪಾದರೂ ಹರಾಜಿಗೆ ಸಿಗುತ್ತಿತ್ತು.

ಇನ್ನು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಸಂಭ್ರಮ. ಅದಕ್ಕೆ ‘ಲಾಂಚ್’ ಅಂತ ಹೆಸರು. ವೇದಿಕೆ, ಹೊಗೆ, ಸಂಗೀತ. ಪರದೆ ಸರಿದರೆ ಹೊಸ ಬಣ್ಣ ಬಳಿದ ತೋರಿಕೆ ಕಾರು! 2019ರಲ್ಲಿ ವಿಲಿಯಮ್ಸ್ ಟೀಮು ಬಣ್ಣವನ್ನೇನೋ ಹೇಳಿದ ದಿನಕ್ಕೇ ತೋರಿಸಿತು. ಬಾರ್ಸಿಲೋನಾದಲ್ಲಿ ಟೆಸ್ಟಿಂಗ್ ಶುರುವಾದರೆ ಕಾರೇ ಇಲ್ಲ. ಮೊದಲ ಎರಡೂವರೆ ದಿನ ಗ್ಯಾರೇಜು ಖಾಲಿ. ಒಂದು ಕಾಲಕ್ಕೆ 9 ಕನ್‌ಸ್ಟ್ರಕ್ಟರ್ಸ್ ಚಾಂಪಿಯನ್‌ಶಿಪ್ (ಟೀಮುಗಳಿಗೆ ಕೊಡುವ ಪಟ್ಟ) ಗೆದ್ದ ಮನೆತನ ಅದು. ಆ ವರ್ಷ ಗಳಿಸಿದ್ದು ಒಂದೇ ಒಂದು ಪಾಯಿಂಟ್. ಅದೂ ಮುಂದೆ ಬಂದಿದ್ದ ಇನ್ನೊಂದು ಟೀಮಿಗೆ ಪೆನಾಲ್ಟಿ ಬಿದ್ದದ್ದರಿಂದ.

ಸರಿ, ಕಾರು ಬಂತು ಅಂದುಕೊಳ್ಳಿ. 2023ರಿಂದ 2025ರವರೆಗೆ ಸೀಸನ್ ಮುಂಚಿನ ಟೆಸ್ಟಿಂಗ್ ಅಂದರೆ ಒಟ್ಟು 3 ದಿನ. ಟೀಮಿಗೆ ಒಂದೇ ಕಾರು, ಡ್ರೈವರ್‌ಗಳು ಇಬ್ಬರು. ತಲೆಗೆ ಒಂದೂವರೆ ದಿನ. ಅದರಲ್ಲಿ ಅರ್ಧ ದಿನ ಕಾರಿನ ಮೇಲೆ ಹಸಿರು ಬಣ್ಣದ ದ್ರವ ಬಳಿದು ಗಾಳಿ ಯಾವ ಕಡೆ ಹೋಗುತ್ತದೆ ಅಂತ ನೋಡೋದು. ಇನ್ನರ್ಧ ದಿನ ಯಾವುದೋ ಪೈಪು ಸೋರಿ ಮೂಲೆಯಲ್ಲಿ ನಿಲ್ಲೋದು. ಉಳಿದ ಹೊತ್ತಿನಲ್ಲಿ ಹೊಸ ಹುಡುಗ ವಿಶ್ವದ ಅತಿ ವೇಗದ ಕಾರುಗಳಲ್ಲೊಂದನ್ನು ಓಡಿಸೋದನ್ನು ಕಲಿಯಬೇಕು. ಇದು ವೆಚ್ಚ ಉಳಿಸೋಕೆ ಮಾಡಿದ ನಿಯಮ. ಆದರೆ ಎರಡು ವರ್ಷ ಹಳೆಯ ಕಾರಿದ್ದರೆ ಅದಕ್ಕೆ ಬಹಳ ಕಾಲ ಇಂಥ ಲೆಕ್ಕವೇ ಇರಲಿಲ್ಲ. ಹುಡುಗನ ಅಪ್ಪನ ಹತ್ತಿರ ದುಡ್ಡಿದ್ದಷ್ಟು ದಿನ, ದೇಶದಿಂದ ದೇಶಕ್ಕೆ ಟ್ರ್ಯಾಕ್ ಬಾಡಿಗೆಗೆ ಹಿಡಿದು ಸುತ್ತಬಹುದಿತ್ತು. ಹಾಗೆ ಬಡವರ ವೆಚ್ಚ ಪೂರ್ತಿ ಉಳಿಯಿತು.

ಈಗ ಆಯ್ಕೆಗೆ ಬರೋಣ. ಹೊಸ ಡ್ರೈವರ್ ಹೆಸರು ಪ್ರಕಟಿಸುವಾಗ ಚಿಕ್ಕ ಟೀಮು ಏನು ಹೇಳುತ್ತದೆ ಅಂತ ನಿಮಗೇ ಬಾಯಿಪಾಠ. ಹಲವರನ್ನು ನೋಡಿದೆವು, ಈತನ ಪ್ರತಿಭೆಗೆ ಮನಸೋತೆವು. ಅದೇ ದಿನ ಹುಡುಗನ ಅಪ್ಪನ ಕಂಪನಿಯ ಹೆಸರು ಕಾರಿನ ಪಕ್ಕೆಯ ಮೇಲೆ ಮೂಡಿರುತ್ತದೆ. ಕಾಕತಾಳೀಯ, ಅಷ್ಟೇ.

ಇಷ್ಟಾದ ಮೇಲೆ ಸೀಟು ಮಾಡಿಸೋ ಕೆಲಸ. ಅದನ್ನು ನೋಡೋದೇ ಚೆಂದ. ಡ್ರೈವರ್ ಕೂರುವ ಕಾಕ್‌ಪಿಟ್ ಒಳಗೆ ದೊಡ್ಡದೊಂದು ಪ್ಲಾಸ್ಟಿಕ್ ಚೀಲ ಹಾಸುತ್ತಾರೆ. ಡ್ರೈವರ್ ಅದರ ಮೇಲೆ ಕೂತು, ಪೆಡಲ್ ಮೇಲೆ ಕಾಲು, ಸ್ಟಿಯರಿಂಗ್ ಮೇಲೆ ಕೈ ಇಟ್ಟು ತೆಪ್ಪಗಿರಬೇಕು. ಎರಡು ದ್ರವ ಬೆರೆಸಿ ಚೀಲಕ್ಕೆ ಸುರಿಯುತ್ತಾರೆ. ಅದು ಬಿಸಿಯಾಗಿ, ಉಕ್ಕಿ, ಬೆನ್ನು, ಸೊಂಟ, ತೊಡೆಯ ಸಂದಿಗೊಂದಿಗೆಲ್ಲ ತುಂಬಿ ಗಟ್ಟಿಯಾಗುತ್ತದೆ. ಕೊನೆಗೆ ಎದ್ದರೆ ಕೆಳಗೆ ಅವನದೇ ಅಚ್ಚು. ಒಂದು ಮೂಳೆ ಒತ್ತಿದರೂ ಮತ್ತೆ ಉಜ್ಜಿ ಸರಿ ಮಾಡುತ್ತಾರೆ. ಇಷ್ಟು ಕಾಳಜಿಯಿಂದ ಮಾಡಿದ ಸೀಟಿನಿಂದ ಅವನನ್ನು ಎಬ್ಬಿಸೋದಕ್ಕೆ ಒಂದು ಫೋನ್ ಕಾಲ್ ಸಾಕು.

ಈ ವಿದ್ಯೆಯಲ್ಲಿ ಸೌಬರ್ ಟೀಮಿನವರು 2015ರಲ್ಲಿ ಡಾಕ್ಟರೇಟ್ ಪಡೆದರು. ಎರಡು ಸೀಟಿಗೆ ಮೂರು ಒಪ್ಪಂದ. ಎರಿಕ್ಸನ್, ನಾಸರ್ ಇಬ್ಬರೂ ಕಾರಿನಲ್ಲಿ. ಮೂರನೆಯವನು, ಗೀಡೊ ವಾನ್ ಡರ್ ಗಾರ್ಡ್, ಕೋರ್ಟಿನಲ್ಲಿ. ಮೆಲ್ಬರ್ನ್‌ನಲ್ಲಿ ಸೀಸನ್‌ನ ಮೊದಲ ರೇಸಿನ ವಾರ ವಿಕ್ಟೋರಿಯಾದ ಸುಪ್ರೀಂ ಕೋರ್ಟ್ ‘ಇವನನ್ನೂ ಓಡಿಸೋಕೆ ಬಿಡಿ’ ಅಂದಿತು. ಆಗ ಟೀಮಿನ ವಕೀಲರು ಮುಂದಿಟ್ಟ ವಾದ ಸುರಕ್ಷತೆಯದ್ದು. ಕಾರು ಬೇರೆ ಇಬ್ಬರ ಮೈ ಅಳತೆಗೆ ಸಿದ್ಧವಾಗಿದೆ, ಈತ ಕೂತರೆ ಅಪಾಯ ಅಂತ. ನೋಡಿ, ಸೀಟು ಮಾರುವಾಗ ಮೈ ಅಳತೆ ನೆನಪಾಗಿರಲಿಲ್ಲ. ಶುಕ್ರವಾರ ಗೀಡೊ ಎರಿಕ್ಸನ್‌ನ ರೇಸಿಂಗ್ ಸೂಟ್ ಹಾಕಿಕೊಂಡು ಗ್ಯಾರೇಜಿನಲ್ಲಿ ಪ್ರತ್ಯಕ್ಷನಾದ. ಮೊದಲ ಪ್ರಾಕ್ಟೀಸ್‌ನಲ್ಲಿ ಸೌಬರ್‌ನ ಒಂದು ಕಾರೂ ಹೊರಗೆ ಬರಲಿಲ್ಲ. ಕೊನೆಗೆ ದುಡ್ಡು ಕೊಟ್ಟು ಬಗೆಹರಿಸಿಕೊಂಡರು. ತಮಾಷೆ ಏನು ಗೊತ್ತಾ? ಹಿಂದಿನ ಇಡೀ ವರ್ಷ ಒಂದೂ ಪಾಯಿಂಟ್ ಕಾಣದ ಟೀಮು ಆ ಭಾನುವಾರ 14 ಪಾಯಿಂಟ್ ಹೊಡೆಯಿತು. ತಯಾರಿ ಅಂದರೆ ಇದು!

ದುಡ್ಡು ತರುವವರೆಲ್ಲ ದಡ್ಡರು ಅಂತ ನಾನು ಹೇಳುತ್ತಿಲ್ಲ. ನಿಕಿ ಲೌಡಾ ಬ್ಯಾಂಕ್ ಸಾಲ ಮಾಡಿ ಸೀಟು ಕೊಂಡವರು. ಮೂರು ಬಾರಿ ವಿಶ್ವ ಚಾಂಪಿಯನ್ ಆದರು. ಇನ್ನು ಚಿಕ್ಕ ಟೀಮೊಂದು ಮಾಡಿದ ಅತ್ಯುತ್ತಮ ಆಯ್ಕೆ ಯಾವುದು ಅಂತ ಕೇಳಿದರೆ ನನ್ನ ಉತ್ತರ 1991ರ ಜೋರ್ಡನ್. ಅವರ ಆಯ್ಕೆ ಪ್ರಕ್ರಿಯೆ ಹೀಗಿತ್ತು: ಇದ್ದ ಡ್ರೈವರ್ ಬರ್ಟ್ರಾಂಡ್ ಗಾಶೋ ಲಂಡನ್ನಿನ ಟ್ಯಾಕ್ಸಿ ಚಾಲಕನ ಮುಖಕ್ಕೆ ಗ್ಯಾಸ್ ಸಿಂಪಡಿಸಿ ಜೈಲಿಗೆ ಹೋದ. ಸೀಟು ಖಾಲಿಯಾಯಿತು. ಮರ್ಸಿಡಿಸ್‌ನವರು ತಮ್ಮ ಹುಡುಗನಿಗಾಗಿ ದುಡ್ಡು ಕಟ್ಟಿದರು. ರೇಸು ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ. ‘ಹುಡುಗನಿಗೆ ಸ್ಪಾ ಗೊತ್ತಾ?’ ಅಂದರೆ ‘ಓ, ಚೆನ್ನಾಗಿ ಗೊತ್ತು’ ಅಂದುಬಿಟ್ಟ ಮ್ಯಾನೇಜರ್. ಹುಡುಗ ಅಲ್ಲಿ ಒಂದು ರೇಸನ್ನೂ ಓಡಿಸಿರಲಿಲ್ಲ. ಸೈಕಲ್ ಹತ್ತಿ ಟ್ರ್ಯಾಕ್ ಸುತ್ತಿ ನೋಡಿದ. ರೇಸಿಗೆ ಯಾರು ಎಲ್ಲಿ ನಿಲ್ಲಬೇಕು ಅಂತ ನಿರ್ಧರಿಸುವ ಕ್ವಾಲಿಫೈಯಿಂಗ್‌ನಲ್ಲಿ 7ನೇ ಸ್ಥಾನ. ರೇಸಿನಲ್ಲಿ ಮೊದಲ ಲ್ಯಾಪಿಗೇ ಕ್ಲಚ್ ಕೈಕೊಟ್ಟಿತು. ಹುಡುಗನ ಹೆಸರು ಮೈಕೆಲ್ ಶುಮಾಕರ್, ಮುಂದೆ ಏಳು ಬಾರಿ ವಿಶ್ವ ಚಾಂಪಿಯನ್. ಒಂದು ಜೈಲು, ಒಂದು ಚೆಕ್, ಒಂದು ಸುಳ್ಳು. ಆಯ್ಕೆ ಸಮಿತಿಗಳು ಇದನ್ನು ಪಠ್ಯದಲ್ಲಿ ಸೇರಿಸಿಕೊಳ್ಳಬೇಕು.

ಈ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಆಸೆ ಮುಂದಿನದರ ಮೇಲೆ. ಎರಡೇ ವಾರದಲ್ಲಿ ಬೆನೆಟನ್ ಟೀಮು ಶುಮಾಕರ್‌ನನ್ನು ಎತ್ತಿಕೊಂಡು ಹೋಯಿತು. ಅವನಿಗೆ ಜಾಗ ಆಗಬೇಕಲ್ಲ, ಅಲ್ಲಿದ್ದ ರೊಬರ್ಟೊ ಮೊರೆನೊನನ್ನು ಹೊರಗೆ ಕಳಿಸಿದರು. ಅದೇ ಸ್ಪಾ ರೇಸಿನಲ್ಲಿ ಮೊರೆನೊ 4ನೇ ಸ್ಥಾನದಲ್ಲಿ ಮುಗಿಸಿದ್ದ. ರೇಸಿನ ಅತಿ ವೇಗದ ಲ್ಯಾಪ್ ಕೂಡ ಅವನದೇ. ಇನ್ನೇನು ಮಾಡಬೇಕಿತ್ತು ಆ ಮನುಷ್ಯ?

ಮರುವರ್ಷ ಮೊರೆನೊ ಬಂದು ಬಿದ್ದದ್ದು ಆಂಡ್ರಿಯಾ ಮೋಡಾ ಎಂಬ ಟೀಮಿಗೆ. ಮಾಲೀಕ ಸಸೆಟ್ಟಿ ಇಟಲಿಯ ಶೂ ಉದ್ಯಮಿ. ಇವರ ಸಾಧನೆ ಒಂದೆರಡಲ್ಲ. ಕೆನಡಾಕ್ಕೆ ಹೋದರು, ಎಂಜಿನ್ ಬರಲಿಲ್ಲ. ಫ್ರಾನ್ಸ್‌ನಲ್ಲಿ ಲಾರಿಯವರ ರಸ್ತೆ ತಡೆ. ಬೇರೆ ಎಲ್ಲ ಟೀಮುಗಳೂ ಹೇಗೋ ತಲುಪಿದವು, ಇವರು ಮಾತ್ರ ತಲುಪಲಿಲ್ಲ. ಎರಡನೇ ಕಾರಿಗೆ ಪೆರ್ರಿ ಮೆಕಾರ್ಥಿ ಎಂಬ ಇಂಗ್ಲಿಷ್ ಹುಡುಗ. ಸ್ಪೇನ್‌ನಲ್ಲಿ ಅವನ ಕಾರು ಗ್ಯಾರೇಜುಗಳಿರುವ ಪಿಟ್ ದಾಟಿ ನಾಲ್ಕು ಹೆಜ್ಜೆ ಹೋಗಿ ನಿಂತಿತು. ಸಿಲ್ವರ್‌ಸ್ಟೋನ್‌ನಲ್ಲಿ ಒಣಗಿದ ಟ್ರ್ಯಾಕಿಗೆ ಮಳೆ ಟೈರ್ ಹಾಕಿ ಕಳಿಸಿದರು. ಈ ಕಥೆಗಳನ್ನು ಹೇಳಿಕೊಂಡು ನಾವು ಮೂವತ್ತು ವರ್ಷದಿಂದ ನಗುತ್ತಿದ್ದೇವೆ. ನಾನೂ ನಕ್ಕಿದ್ದೇನೆ.

ಆಮೇಲೆ ಸ್ಪಾ. ಮೆಕಾರ್ಥಿ ತುಂಬು ವೇಗದಲ್ಲಿ ಓ ರೂಜ್ ತಿರುವಿಗೆ ಇಳಿದ. ಸ್ಟಿಯರಿಂಗ್ ತಿರುಗಲಿಲ್ಲ. ಹೇಗೋ ಬಚಾವಾಗಿ ವಾಪಸ್ ಬಂದು ಹೇಳಿದರೆ ‘ಹೌದು, ಗೊತ್ತು’ ಅಂದರಂತೆ. ಆ ಭಾಗ ಮೊದಲು ಮೊರೆನೊ ಕಾರಿನಲ್ಲಿತ್ತು, ಅಲ್ಲೇ ತೊಂದರೆ ಕಾಣಿಸಿಕೊಂಡಿತ್ತು. ಬಿಚ್ಚಿ ಇವನ ಕಾರಿಗೆ ಹಾಕಿದ್ದರು. ಇದು ಮೆಕಾರ್ಥಿ ಸ್ವತಃ ಹೇಳಿಕೊಂಡು ಬಂದದ್ದು.

ಇಲ್ಲಿ ನನಗೆ ನಗು ಬರಲ್ಲ. ಸೀಟು ಸಿಕ್ಕಿದ್ದೇ ಪುಣ್ಯ ಅಂದುಕೊಂಡು ಬಂದ ಹುಡುಗ ಅವನು. ಸಂಬಳ ಕೇಳಲ್ಲ, ದೂರಲ್ಲ. ಯಾಕೆಂದರೆ ಹೊರಗೆ ಇನ್ನೂ ಹತ್ತು ಜನ ನಿಂತಿದ್ದಾರೆ ಅಂತ ಅವನಿಗೂ ಗೊತ್ತು, ಟೀಮಿಗೂ ಗೊತ್ತು. ಆ ಗೊತ್ತಿರೋದರ ಮೇಲೆಯೇ ಇಡೀ ವ್ಯಾಪಾರ ನಡೆಯುತ್ತದೆ. 2012ರ ಜುಲೈನಲ್ಲಿ ಇಂಗ್ಲೆಂಡಿನ ಡಕ್ಸ್‌ಫರ್ಡ್ ಏರ್‌ಫೀಲ್ಡ್‌ನಲ್ಲಿ ಮರೂಸಿಯಾ ಟೀಮಿನ ಟೆಸ್ಟ್ ಡ್ರೈವರ್ ಮರಿಯಾ ಡಿ ವಿಲ್ಲೋಟಾ ಮೊದಲ ಬಾರಿಗೆ ಆ ಟೀಮಿನ ಕಾರು ಓಡಿಸಿದರು. ಬರೀ ನೇರ ಗೆರೆಯ ಓಟ. ಕಾರು ಹೋಗಿ ನಿಂತಿದ್ದ ಲಾರಿಯ ಹಿಂಬದಿಯ ಲಿಫ್ಟ್‌ಗೆ ಬಡಿಯಿತು. ಬಲಗಣ್ಣು ಹೋಯಿತು. ಮರುವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡರು. ವಯಸ್ಸು 33. ಯಾರ ತಪ್ಪು ಅಂತ ಇಲ್ಲಿ ತೀರ್ಪು ಕೊಡೋಕೆ ನಾನು ಕೂತಿಲ್ಲ. ಟೆಸ್ಟಿಂಗ್ ಅಂದರೆ ಸುಮ್ನೆ ಪೀಠಿಕೆ, ಅಸಲಿ ಆಟ ಆಮೇಲೆ ಅಂತ ಹೇಳುವವರನ್ನು ಕಂಡರೆ ಸಿಟ್ಟು ಬರುತ್ತದೆ, ಅಷ್ಟೇ. ಕಾರಿಗೆ ಅದು ಟೆಸ್ಟ್ ಅಂತ ಗೊತ್ತಿರಲ್ಲ.

ಹೋಗಲಿ ಬಿಡಿ. 2022ಕ್ಕೆ ಬರೋಣ. ಹಾಸ್ ಟೀಮಿನ ಕಾರಿಗೆ ಹಿಂದಿನ ವರ್ಷದಿಂದ ರಷ್ಯಾ ಬಾವುಟದ ಬಣ್ಣ. ಯಾಕೆಂದರೆ ಡ್ರೈವರ್ ನಿಕಿತಾ ಮಜೆಪಿನ್, ಸ್ಪಾನ್ಸರ್ ಅವರಪ್ಪನ ಗೊಬ್ಬರದ ಕಂಪನಿ. ಬಾರ್ಸಿಲೋನಾ ಟೆಸ್ಟಿಂಗ್ ನಡೆಯುತ್ತಿರುವಾಗಲೇ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಕೊನೆಯ ದಿನ ಕಾರು ಹೊರಗೆ ಬಂದಾಗ ಬೋಳು ಬಿಳಿ. ಸ್ಟಿಕ್ಕರ್ ಎಲ್ಲ ಮಾಯ. ಕೆಲವು ದಿನಕ್ಕೆ ಮಗನೂ ಮಾಯ. ಸ್ಟಿಕ್ಕರ್ ಹೋದಮೇಲೆ ಪ್ರತಿಭೆಗೆ ಅಂಟಿಕೊಳ್ಳೋಕೆ ಜಾಗ ಎಲ್ಲಿದೆ? ಅವಸರದಲ್ಲಿ, ತಾವೇ ಹಿಂದೆ ಕೈಬಿಟ್ಟಿದ್ದ ಕೆವಿನ್ ಮ್ಯಾಗ್ನುಸೆನ್‌ನನ್ನು ಕರೆದರು. ಅವನು ಮೊದಲ ರೇಸಿನಲ್ಲೇ 5ನೇ ಸ್ಥಾನ ಪಡೆದ. 10 ಪಾಯಿಂಟ್. ಹಿಂದಿನ ಇಡೀ ವರ್ಷ ಹಾಸ್ ಗಳಿಸಿದ್ದು ಸೊನ್ನೆ. ಯೋಜನೆ ಹಾಕಿದಾಗ ಸೊನ್ನೆ, ಯೋಜನೆ ಕೆಟ್ಟಾಗ ಹತ್ತು.

ಹಿಸ್ಪಾನಿಯಾವನ್ನು ಮರೆತರೆ ಪಾಪ ಬರುತ್ತದೆ. 2010ರಲ್ಲಿ ಈ ಟೀಮು ಟೆಸ್ಟಿಂಗ್ ಎಂಬ ಗೊಡವೆಯನ್ನೇ ಇಟ್ಟುಕೊಳ್ಳಲಿಲ್ಲ. ಒಂದೇ ಒಂದು ಲ್ಯಾಪ್ ಟೆಸ್ಟ್ ಮಾಡದೆ ಸೀದಾ ಬಹ್ರೇನ್ ರೇಸಿಗೆ ಬಂತು. ಕರುಣ್ ಚಂಧೋಕ್ ಅವರ ಕಾರನ್ನು ಅಲ್ಲೇ ಗ್ಯಾರೇಜಿನಲ್ಲಿ ಜೋಡಿಸುತ್ತಿದ್ದರು. ಶುಕ್ರವಾರದ ಪ್ರಾಕ್ಟೀಸ್ ಹೋಯಿತು, ಜೋಡಿಸುತ್ತಿದ್ದರು. ಶನಿವಾರ ಬೆಳಗಿನದೂ ಹೋಯಿತು, ಇನ್ನೂ ಜೋಡಿಸುತ್ತಿದ್ದರು. ಡ್ರೈವರ್ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಆ ಕಾರಿನಲ್ಲಿ ಅವರು ಮೊಟ್ಟಮೊದಲ ಬಾರಿ ಹೊರಗೆ ಹೋದದ್ದು ಕ್ವಾಲಿಫೈಯಿಂಗ್‌ನಲ್ಲಿ! ಅದರಲ್ಲಿ ಕೊನೆಯ ಜಾಗ. ರೇಸಿನಲ್ಲಿ ಎರಡನೇ ಲ್ಯಾಪಿಗೇ ಕಾರು ಅಪಘಾತಕ್ಕೀಡಾಯಿತು. ಹತ್ತು ರೇಸ್ ಆದ ಮೇಲೆ ಅವರ ಸೀಟಿನಲ್ಲಿ ಸಕೋನ್ ಯಮಮೊಟೊ ಕೂತಿದ್ದರು. ಟೀಮು 2012ರ ಕೊನೆಗೆ ಮುಚ್ಚಿತು.

ಚಂಧೋಕ್ ಈಗ ಟೀವಿಯಲ್ಲಿ ವಿಶ್ಲೇಷಕರು. ದೊಡ್ಡ ಟಚ್‌ಸ್ಕ್ರೀನ್ ಮುಂದೆ ನಿಂತು, ಯಾವ ಟೀಮಿನ ಟೆಸ್ಟಿಂಗ್ ಹೇಗೆ ಹೋಯಿತು, ಯಾರು ಎಲ್ಲಿ ಬ್ರೇಕ್ ಹಾಕಿದರು ಅಂತ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಾರೆ. ಟೀಮುಗಳ ಹೇಳಿಕೆ ಓದೋದನ್ನು ಬಿಟ್ಟು ನಾನು ಅವರ ಮಾತು ಬಂದಾಗ ಟೀವಿ ಸೌಂಡ್ ಜಾಸ್ತಿ ಮಾಡುತ್ತೇನೆ.